ಮಂಜಣ್ಣ, ಆ ಮಾತ್ರೆ ಶುರು ಮಾಡಬೇಡಿ

ಮಂಜಣ್ಣ, ನಿಮ್ಮ ಪೋಸ್ಟ್ ಓದಿ ಗಾಬರಿಯಾಯಿತು. ಬ್ಲಡ್ ಕ್ಯಾನ್ಸರಿನ ಮಾತ್ರೆ ಡಸಾಟಿನಿಬ್ ಜೊತೆ ಕ್ವೆರ್ಸೆಟಿನ್ (ಗಿಡಗಳಲ್ಲಿರುವ ಒಂದು ಅಂಶ) ಕ್ಯಾಪ್ಸೂಲ್ ತಗೊಂಡರೆ ಸವೆದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸರಿಯಾಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ, ಭಾವನ ಹತ್ತಿರ ಉಳಿದ ಮಾತ್ರೆ ಇದೆ ಅಂತ ಬರೆದಿದ್ದೀರಿ. ನಾನೂ ಇದೇ ತಪ್ಪು ಮಾಡಿದವನು, ಮಾತ್ರೆ ಮಾತ್ರ ಬೇರೆ.

ನನ್ನದೂ ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕೇ. ಆಗ ಯಾರೋ ವಾಟ್ಸಾಪಲ್ಲಿ ಡಿಸ್ಕ್ ನೋವಿಗೆ ಆಂಟಿಬಯಾಟಿಕ್ ಸಾಕು ಅಂತ ಕಳಿಸಿದ್ದರು. ಸುದ್ದಿ ಸುಳ್ಳಲ್ಲ. 2013ರಲ್ಲಿ ಡೆನ್ಮಾರ್ಕಿನಲ್ಲಿ 162 ಜನರ ಮೇಲೆ ಪ್ರಯೋಗ ನಡೆದಿತ್ತು. 100 ದಿನ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ತಗೊಂಡವರಿಗೆ ನೋವು ಇಳಿದಿತ್ತು. ಆದರೆ ಅವರೆಲ್ಲ ಮೋಡಿಕ್ ಚೇಂಜ್, ಅಂದರೆ ಡಿಸ್ಕಿನ ಪಕ್ಕದ ಮೂಳೆಯಲ್ಲಿ ಸ್ಕ್ಯಾನಿಗೆ ಕಾಣುವ ಬದಲಾವಣೆ, ಇದ್ದವರು. ನನ್ನ ರಿಪೋರ್ಟಲ್ಲಿ ಆ ಪದವೇ ಇರಲಿಲ್ಲ, ನಾನು ನೋಡಲೂ ಇಲ್ಲ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಟ್ಟರು, ನುಂಗಿದೆ. 40ನೇ ದಿನಕ್ಕೆ ಭೇದಿ ಹತ್ತಿ ಮೂರು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದೆ. ಕೊನೆ ಕೊಯ್ಲಿನ ಅಡಿಕೆ ಅಂಗಳದಲ್ಲೇ ಮಳೆಗೆ ನೆನೆಯಿತು. ಬೆನ್ನು ನೋವು ಹಾಗೇ ಇತ್ತು. ಆಮೇಲೆ 2019ರಲ್ಲಿ ನಾರ್ವೆಯವರು ಮೋಡಿಕ್ ಇದ್ದ 180 ಜನರಲ್ಲೇ ಅಮಾಕ್ಸಿಸಿಲಿನ್ ಪರೀಕ್ಷಿಸಿದರು. ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಈಗ ನಿಮ್ಮ ವಿಡಿಯೋ ವಿಷಯ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆ ಪ್ರಯೋಗ ಆಗಿದ್ದು ನಿಜ, 2021ರಲ್ಲಿ ಪ್ರಕಟವಾಯಿತು. ಆದರೆ ಅದು ಇಲಿಗಳ ಮೇಲೆ! 6 ಅಥವಾ 14 ತಿಂಗಳ ವಯಸ್ಸಲ್ಲೇ ಶುರು ಮಾಡಿದ ಇಲಿಗಳಲ್ಲಿ ಡಿಸ್ಕ್ ಸವೆತ ಕಡಿಮೆಯಿತ್ತು. 18 ತಿಂಗಳ ಮುದಿ ಇಲಿಗೆ ಶುರು ಮಾಡಿದರೆ ಆ ಲಾಭ ಇಲ್ಲ. ನಿಮಗೆ 61 ಅಲ್ವಾ? ಡಸಾಟಿನಿಬ್‌ನಿಂದ ಪ್ಲೇಟ್‌ಲೆಟ್ ಇಳಿಯಬಹುದು, ಶ್ವಾಸಕೋಶದ ಸುತ್ತ ನೀರು ತುಂಬಬಹುದು. ಅದನ್ನು ತಗೊಳ್ಳುವವರಿಗೆ ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರುತ್ತಾರೆ. ನೀವು ಯಾರ ಹತ್ತಿರ ಮಾಡಿಸುತ್ತೀರಿ?

ಇನ್ನೊಂದು ಮಾತು. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳವೇ ಇಲ್ಲ. ಅಕ್ಕಪಕ್ಕದ ಮೂಳೆಯಿಂದ ಜಿನುಗಿದ್ದೇ ಅದಕ್ಕೆ ಆಹಾರ. ವಯಸ್ಸಾದಂತೆ ಅದೂ ಕಮ್ಮಿ. ನುಂಗಿದ ಮಾತ್ರೆ ಅಲ್ಲಿಗೆ ಸಾಕಷ್ಟು ತಲುಪುವುದೇ ಕಷ್ಟ. ಗಟ್ಟಿ ಮಣ್ಣಿಗೆ ಡ್ರೆಂಚಿಂಗ್ ಮಾಡಿದ, ಅಂದರೆ ಬುಡಕ್ಕೆ ಔಷಧಿ ಸುರಿದ ಹಾಗೆ.

ಮೇಲಿನ ಕಾಮೆಂಟಲ್ಲಿ ಒಬ್ಬರು ನರದ ನೋವಿನ ಮಾತ್ರೆ ಪ್ರಿಗಾಬಾಲಿನ್ ತಗೊಳ್ಳಿ ಅಂದಿದ್ದಾರೆ. 2017ರ ಆಸ್ಟ್ರೇಲಿಯಾ ಪ್ರಯೋಗದಲ್ಲಿ ಸಯಾಟಿಕಾಗೆ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಅದು ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಆದರೆ ಈಗಾಗಲೇ ತಗೊಳ್ಳುತ್ತಿದ್ದರೆ ದಿಢೀರಂತ ಬಿಡಬೇಡಿ, ಡಾಕ್ಟರನ್ನು ಕೇಳಿ ನಿಧಾನ ಇಳಿಸಿ. ರಿಪೋರ್ಟಲ್ಲಿ ಡಿಸಿಕೇಶನ್ (ಡಿಸ್ಕ್ ಒಣಗುವುದು), ಬಲ್ಜ್ (ಉಬ್ಬುವುದು) ಅಂತ ಇದ್ದರೆ ಹೆದರಬೇಡಿ. ನೋವೇ ಇಲ್ಲದ 50 ದಾಟಿದವರಲ್ಲೂ ನೂರಕ್ಕೆ 80 ಜನರಿಗೆ ಸ್ಕ್ಯಾನಲ್ಲಿ ಡಿಸ್ಕ್ ಸವೆತ ಕಾಣುತ್ತದೆ.

ನನಗೆ ಕೈ ಹಿಡಿದಿದ್ದು ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ದಿನಕ್ಕೆ ಎರಡು ಸಲ, ಮೂರು ತಿಂಗಳು ಬಿಡದೆ. ಜೊತೆಗೆ ನಡಿಗೆ. ಸೊಂಟಕ್ಕೆ ಬೆಲ್ಟ್ ಬೇಕಿದ್ದರೆ ಟೈನರ್‌ನದ್ದು ಚೆನ್ನಾಗಿದೆ, ಆದರೆ ಕೆಲಸದ ಹೊತ್ತಿಗೆ ಮಾತ್ರ. ದಿನವಿಡೀ ಕಟ್ಟಿಕೊಂಡು ಕೂರಬೇಡಿ. ಮತ್ತೆ ಔಷಧಿ ಹೊಡೆಯುವ ಆ 16 ಲೀಟರಿನ ಕ್ಯಾನ್ ಬೆನ್ನಿಗೇರಿಸುವುದು ನಿಲ್ಲಿಸಿ ಅಣ್ಣ. ಎಚ್‌ಟಿಪಿಗೆ (ಮೋಟಾರಿನ ಸ್ಪ್ರೇ ಪಂಪು) ಪೈಪ್ ಹಾಕಿ ಹೊಡೆಯಿರಿ. ಆಗದಿದ್ದರೆ ಕ್ಯಾನ್ ಅರ್ಧ ತುಂಬಿ, ಕಟ್ಟೆ ಮೇಲಿಟ್ಟು ಬೆನ್ನಿಗೆ ಹಾಕಿಕೊಳ್ಳಿ, ನೆಲದಿಂದ ಎತ್ತಬೇಡಿ.

ಪಾದ ಎತ್ತಲಾಗದಿದ್ದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆಯೇ ಸೋರಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಇಲ್ಲಿ ಪೋಸ್ಟ್ ಹಾಕಿ ಉತ್ತರಕ್ಕೆ ಕಾಯಬೇಡಿ.