ಹೋಲ್ಟರ್ ವರದಿ ಬಂದಿಲ್ಲ, ಏನು ಮಾಡಲಿ?

ಪ್ರಶ್ನೆ: ಎದೆಬಡಿತ ಆಗಾಗ ತಪ್ಪಿದಂತಾಗುತ್ತದೆ. 24 ಗಂಟೆಯ ಹೋಲ್ಟರ್ ಪರೀಕ್ಷೆ (ಮೈಗೆ ಕಟ್ಟಿದ ಸಣ್ಣ ಯಂತ್ರ ಎದೆಬಡಿತವನ್ನು ಸತತವಾಗಿ ದಾಖಲಿಸುವುದು) ಆಗಿ ಎರಡು ವಾರವಾಯಿತು, ವರದಿ ಬಂದಿಲ್ಲ. ತಡವಾಗಿದೆ ಎಂದರೆ ಏನೋ ಗಂಭೀರವಿದೆ ಎಂದೇ?

ಉತ್ತರ: ಹಾಗೇನಿಲ್ಲ. ಒಂದು ದಿನದ ದಾಖಲೆಯಲ್ಲಿ ಸುಮಾರು 1 ಲಕ್ಷ ಬಡಿತಗಳಿರುತ್ತವೆ. ಕಂಪ್ಯೂಟರ್ ವಿಂಗಡಿಸಿದ್ದನ್ನು ತಂತ್ರಜ್ಞರು ತಿದ್ದಬೇಕು, ಆಮೇಲೆ ಹೃದ್ರೋಗ ತಜ್ಞರು ನೋಡಿ ಸಹಿ ಹಾಕಬೇಕು. ಕಡತ ಈ ಸಹಿಗಾಗಿ ನಿಂತಿರಲೂಬಹುದು. ಆದರೆ ಸುದ್ದಿ ಬಂದಿಲ್ಲವೆಂದು ಎಲ್ಲ ಸರಿಯಿದೆ ಅಂದುಕೊಳ್ಳಲೂಬೇಡಿ. ಫೋನ್ ಮಾಡಿ ನೇರವಾಗಿ ಕೇಳಿ: ದಾಖಲೆ ಪೂರ್ತಿ ಸಿಕ್ಕಿದೆಯೇ, ವರದಿ ಯಾರ ಬಳಿ ಇದೆ, ಯಾವ ದಿನ ಕೊಡುತ್ತೀರಿ? ಎದೆಗೆ ಅಂಟಿಸಿದ್ದ ಎಲೆಕ್ಟ್ರೋಡ್ ಬೆವರಿಗೆ ಕಳಚಿದ್ದರೆ ಪರೀಕ್ಷೆಯನ್ನೇ ಮತ್ತೆ ಮಾಡಬೇಕಾದೀತು. ಅದು ಬೇಗ ಗೊತ್ತಾದಷ್ಟೂ ಒಳ್ಳೆಯದು.

ಅಲ್ಲಿಯವರೆಗೆ ಬಡಿತ ತಪ್ಪಿದಾಗಲೆಲ್ಲ ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡ್ ಎಣಿಸಿ. ಲಯ ತಪ್ಪಿದ್ದಾಗ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಕೆಡುತ್ತದೆ. ಸಮಯ, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ ಎಂದೂ ಬರೆದಿಡಿ. ತೊಂದರೆ ನಡೆಯುತ್ತಿರುವಾಗಲೇ ಇಸಿಜಿ ತೆಗೆಸಲು ಸಾಧ್ಯವಾದರೆ ಇನ್ನೂ ಉತ್ತಮ. ಎಷ್ಟೋ ಸಲ ಹೋಲ್ಟರ್‌ಗೆ ಸಿಗದ್ದು ಅದರಲ್ಲಿ ಸಿಗುತ್ತದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ, ಮಾತು ತೊದಲಿದರೆ ವರದಿಗೆ ಕಾಯಬೇಡಿ, ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.