ಬಾಗಿದ ಸಬ್‌ಮರೀನ್ ನೆಟ್ಟಗಾಗುತ್ತಾ?

ಪ್ರಶ್ನೆ: ರಟ್ಟು, ಥರ್ಮೋಕೋಲ್‌ನಿಂದ ಒಂದೂವರೆ ಮೀಟರ್ ಉದ್ದದ ಸಬ್‌ಮರೀನ್ ಮಾಡಿದೆ. ಮೇಲೆ ಕಾಗದ ಅಂಟಿಸಿ ಒಣಗಿಸಿದರೆ ಬಾಗಿಹೋಯಿತು. ಸ್ಪ್ರೇ ಪೇಂಟ್ ಹೊಡೆದಲ್ಲಿ ಗುಂಡಿ ಬಿತ್ತು. ತಪ್ಪಿದ್ದು ಎಲ್ಲಿ?

ಉತ್ತರ: ಪೇಂಟಿನ ವಿಷಯ ಸುಲಭ. ಸ್ಪ್ರೇಯಲ್ಲಿರುವ ಥಿನ್ನರ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚಿ, ಸಾಕು.

ಬಾಗಿದ್ದಕ್ಕೆ ಕಾರಣ ಕಾಗದ. ನನಗೂ ಹೀಗೇ ಆಗಿತ್ತು. ನಾನು ಮಾಡಿದ್ದು ಅಮೆರಿಕದ ಲಾಸ್ ಏಂಜಲೀಸ್ ದರ್ಜೆಯದು. ನಿಜವಾದದ್ದು ಸುಮಾರು 110 ಮೀಟರ್ ಉದ್ದ, 10 ಮೀಟರ್ ಅಗಲ. 1:72ಕ್ಕೆ ಇಳಿಸಿದರೆ 153 ಸೆಂ.ಮೀ. ಉದ್ದ, 14 ಸೆಂ.ಮೀ. ದಪ್ಪ. ಒಂದು ರಾತ್ರಿ ಬೆನ್ನಿಗೆಲ್ಲ ಅಂಟಿನ ಕಾಗದ ಮೆತ್ತಿ, ಹೊಟ್ಟೆ ಭಾಗ ನಾಳೆ ಅಂತ ಮಲಗಿದೆ. ಬೆಳಗ್ಗೆ ನೋಡಿದರೆ ಎರಡೂ ತುದಿ ಎರಡು ಬೆರಳಷ್ಟು ಮೇಲೆದ್ದಿದ್ದವು. ತುಂಬಾ ಸಂಕಟವಾಯಿತು. ಒದ್ದೆ ಕಾಗದ ಒಣಗುವಾಗ ಕುಗ್ಗುತ್ತದೆ, ಒಂದೇ ಕಡೆ ಇದ್ದರೆ ಆ ಕಡೆಗೇ ಎಳೆಯುತ್ತದೆ.

ಅದಕ್ಕೇ ಮೇಲೊಂದು ಪಟ್ಟಿ ಅಂಟಿಸಿದರೆ ತಕ್ಷಣ ಕೆಳಗೊಂದು. ಎಡಕ್ಕೊಂದು, ಬಲಕ್ಕೊಂದು. ಒಂದು ಸುತ್ತು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಒಳಗಿನ ಬೆನ್ನೆಲುಬೂ ಗಟ್ಟಿ ಇರಬೇಕು. ಎರಡು ಉದ್ದ ರಟ್ಟುಗಳನ್ನು ಅಧಿಕ ಚಿಹ್ನೆಯಂತೆ ಒಂದರೊಳಗೊಂದು ಕೂರಿಸಿ. ರಟ್ಟಿನೊಳಗಿನ ಏಣುಗಳು ಉದ್ದಕ್ಕೇ ಓಡಲಿ, ಅಡ್ಡ ಬಂದರೆ ಸುಮ್ನೆ ಮಡಚಿಕೊಳ್ಳುತ್ತದೆ. ಅದಕ್ಕೆ ಐದೈದು ಸೆಂ.ಮೀ.ಗೆ ಒಂದು ದುಂಡು ಬಿಲ್ಲೆ. ನಡುವೆ ಥರ್ಮೋಕೋಲ್ ತುಂಬಿ, ಬಿಲ್ಲೆಯ ಅಂಚು ಕೈಗೆ ಸಿಗುವವರೆಗೆ ಉಜ್ಜಿ. ತುಂಬದೆ ಬರೀ ಕಾಗದ ಸುತ್ತಿದರೆ ಬಡಕಲು ದನದ ಪಕ್ಕೆಲುಬಿನಂತೆ ಬಿಲ್ಲೆಗಳು ಎದ್ದು ಕಾಣುತ್ತವೆ.

ಉಬ್ಬು ತಗ್ಗು ಹಗಲಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಒಂದು ತುದಿಯಲ್ಲಿ ಮೈಗೆ ತಾಗಿಸಿ ಹಿಡಿಯಿರಿ. ಸಣ್ಣ ಉಬ್ಬಿಗೂ ಉದ್ದ ನೆರಳು ಬೀಳುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಬೆಳಗ್ಗೆ ಉಜ್ಜಿ. ನನಗೆ ಈ ಕೆಲಸವೇ ಎಲ್ಲಕ್ಕಿಂತ ಜಾಸ್ತಿ ಇಷ್ಟ.

ಬಾಗಿರುವುದನ್ನು ದಯವಿಟ್ಟು ಎಸೆಯಬೇಡಿ. ಬಾಗಿ ಒಳಕ್ಕೆ ಹೋಗಿರುವ ಕಡೆ ಕಾಗದವನ್ನು ಮೂರ್ನಾಲ್ಕು ಕಡೆ ಅಡ್ಡಕ್ಕೆ ಸೀಳಿ. ನೆಟ್ಟಗಿನ ಹಲಗೆಗೆ ಬಟ್ಟೆ ಪಟ್ಟಿಯಿಂದ ಕಟ್ಟಿ, ಸೀಳಿಗೆ ಅಂಟು ತುಂಬಿ ಎರಡು ದಿನ ಬಿಡಿ. ನನ್ನದು ಹಾಗೇ ನೆಟ್ಟಗಾಯಿತು.