ಗ್ಯಾರೇಜ್ ಕಟ್ಟೆ: ಬೆಟ್ಟ, ಬೈಕು ಮತ್ತು ಗಡಿಯಾರ

ಪ್ರಶ್ನೆ: ಸಾರ್, ನಾವು ಆರು ಜನ ಗೆಳೆಯರು. ಭಾನುವಾರ ಬೆಳಿಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಬುಡದಿಂದ ಒಬ್ಬೊಬ್ಬರಾಗಿ ಬೈಕ್ ಹತ್ತಿಸಿ ಮೊಬೈಲಿನಲ್ಲಿ ಟೈಮ್ ಹಿಡಿಯುತ್ತೇವೆ. ಇಂಗ್ಲೆಂಡಿನ ಗುಡ್‌ವುಡ್ ಹಿಲ್‌ಕ್ಲೈಂಬ್ (ಏರುದಾರಿಯಲ್ಲಿ ಒಂದೊಂದೇ ಗಾಡಿ ಹತ್ತಿಸುವ ಆಟ) ವಿಡಿಯೋ ನೋಡಿದಾಗಿನಿಂದ ಇದನ್ನೇ ವರ್ಷಕ್ಕೊಮ್ಮೆ ದೊಡ್ಡದಾಗಿ ಮಾಡುವ ಆಸೆ. ಅಲ್ಲಿ ಅಷ್ಟು ಜನ ಸೇರುವಂತಾದದ್ದು ಹೇಗೆ? ನಮ್ಮ ಕೈಲಿ ಆಗುತ್ತದೆಯೇ?
– ಹೆಸರು ಬೇಡ ಎಂದವರು, ಪಾಂಡವಪುರ

ಉತ್ತರ: ಮೊದಲು ಆ ಮೊಬೈಲನ್ನು ಜೇಬಿಗೆ ಹಾಕಪ್ಪ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಆಡುವುದು, ವೇಗ ಪರೀಕ್ಷೆ ಮಾಡುವುದು ಎರಡೂ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಡಿ ಅಪರಾಧ. ಒಬ್ಬೊಬ್ಬರೇ ಓಡಿಸಿದೆವು ಅಂದರೆ ಪೊಲೀಸರು ಕೇಳುವುದಿಲ್ಲ.

ಉಪದೇಶ ಅನ್ನಬೇಡ. ಯಾದವಗಿರಿಯ ಜಾವಾ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನನಗೂ ಇದೇ ಬೆಟ್ಟ, ಇದೇ ಹುಚ್ಚು. ಗೆಳೆಯನ ಕೈಲಿ ಎಚ್‌ಎಂಟಿ ವಾಚು, ನನ್ನ ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ತಿರುವಿನಲ್ಲಿ ಹಿಡಿಯಷ್ಟು ಜಲ್ಲಿ ಚೆಲ್ಲಿತ್ತು. ಬೈಕ್ ಒಂದು ಕಡೆ, ಚಪ್ಪಲಿ ಒಂದು ಕಡೆ, ನಾನು ಹೂವಿನ ಬುಟ್ಟಿ ಹೊತ್ತು ನಡೆದು ಬರುತ್ತಿದ್ದ ಅಜ್ಜಿಯ ಕಾಲಬುಡದಲ್ಲಿ. ಆಕೆ ಬೈದದ್ದು ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಎಡ ಮೊಣಕೈ ಇವತ್ತಿಗೂ ಪೂರ್ತಿ ಚಾಚಲು ಬರುವುದಿಲ್ಲ.

ಈಗ ಗುಡ್‌ವುಡ್ ವಿಷಯ. ಅಲ್ಲಿಯ ರೇಸ್ ಟ್ರ್ಯಾಕ್ 1966ರಲ್ಲೇ ಮುಚ್ಚಿತ್ತು. ಎಸ್ಟೇಟಿನ ವಾರಸುದಾರ ಲಾರ್ಡ್ ಮಾರ್ಚ್‌ಗೆ ರೇಸನ್ನು ವಾಪಸ್ ತರಬೇಕೆಂದಿತ್ತು, ಟ್ರ್ಯಾಕಿಗೆ ಪರವಾನಗಿ ಸಿಗಲಿಲ್ಲ. ಬಂಗಲೆ ಮುಂದೆ ಹಾದು ದಿಣ್ಣೆ ಹತ್ತುವ ಸ್ವಂತ ರಸ್ತೆಯೊಂದಿತ್ತು. 1936ರಲ್ಲಿ ಅವರ ಅಜ್ಜ ಅಲ್ಲೇ ಕಾರು ಕ್ಲಬ್ಬಿನವರಿಗೆ ಒಂದು ಹಿಲ್‌ಕ್ಲೈಂಬ್ ಮಾಡಿಸಿದ್ದರು. 1993ರಲ್ಲಿ ಮೊಮ್ಮಗ ಅದನ್ನೇ ಹಿಡಿದು ಹಬ್ಬ ಶುರು ಮಾಡಿದರು. ಉದ್ದ ಬರೀ 1.86 ಕಿಲೋಮೀಟರ್. ಮೊದಲ ಸಲವೇ 25 ಸಾವಿರ ಜನ ಬಂದರು. ಈಗ ನಾಲ್ಕು ದಿನ, ಸುಮಾರು 2 ಲಕ್ಷ ಜನ.

ಅಷ್ಟೂ ಜನ ವೇಗ ನೋಡಲು ಬರುತ್ತಾರೆಂದು ನನಗನ್ನಿಸುವುದಿಲ್ಲ. ಹಿಲ್‌ಕ್ಲೈಂಬಿನಲ್ಲಿ ಗಾಡಿ ಒಂದೊಂದಾಗಿ ಬರುತ್ತದೆ, ಜಾತ್ರೆಯಲ್ಲಿ ಎತ್ತಿನ ಜೋಡಿ ಮೆರವಣಿಗೆ ಬಂದ ಹಾಗೆ. ಪ್ರತಿಯೊಂದರ ಸದ್ದೂ ಬೇರೆ ಬೇರೆ ಕೇಳುತ್ತದೆ. ಟಿಕೆಟ್ ಕೊಂಡವರು ಗಾಡಿ ಸಾಲಿನ ಒಳಗೇ ಓಡಾಡಬಹುದು. ನೂರು ವರ್ಷದ ಕಾರಿನ ಬಾನೆಟ್ ಎತ್ತಿ ಮೆಕ್ಯಾನಿಕ್ ಸ್ಪ್ಯಾನರ್ ತಿರುಗಿಸುತ್ತಿದ್ದರೆ ಬಿಸಿ ಆಯಿಲ್ಲಿನ ವಾಸನೆ ಮೂಗಿಗೇ ಬಡಿಯುತ್ತದೆ. ನನ್ನಂಥವನಿಗೆ ಇನ್ನೇನು ಬೇಕು? ರಸ್ತೆಯ ಅಂಚಿಗೆ ಹುಲ್ಲಿನ ಬಂಡಲ್ ಜೋಡಿಸುತ್ತಾರೆ; ನಿಮ್ಮೂರ ಗದ್ದೆಯಲ್ಲಿ ಕಟಾವಾದ ಮೇಲೆ ಮಿಷನ್ ಕಟ್ಟಿ ಉದುರಿಸುತ್ತದಲ್ಲ, ಆ ಜಾತಿಯದೇ.

ಇನ್ನೊಂದು. 1999ರಲ್ಲಿ ನಿಕ್ ಹೈಡ್‌ಫೆಲ್ಡ್ ಮೆಕ್ಲಾರೆನ್ ಫಾರ್ಮುಲಾ ಒನ್ ಕಾರಿನಲ್ಲಿ 41.6 ಸೆಕೆಂಡಿಗೆ ಮೇಲೆ ಹತ್ತಿದ. ಆಮೇಲೆ ಅಪಾಯಕ್ಕೆ ಹೆದರಿ ಅಂಥ ಕಾರುಗಳಿಗೆ ಅಧಿಕೃತವಾಗಿ ಟೈಮ್ ಹಿಡಿಯುವುದನ್ನೇ ಬಿಟ್ಟರು. ಹಬ್ಬವೇನೂ ಸೊರಗಲಿಲ್ಲ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತುವುದು 1916ರಿಂದ ನಡೆಯುತ್ತಿರುವ ಸ್ಪರ್ಧೆ, 156 ತಿರುವು. ಅಲ್ಲಿ 2019ರಲ್ಲಿ ಗುರಿ ಮುಟ್ಟುವ ಮೊದಲೇ ಒಬ್ಬ ಸವಾರ ಸತ್ತ ಮೇಲೆ ಬೈಕುಗಳನ್ನೇ ಕೈಬಿಟ್ಟಿದ್ದಾರೆ. ನೀವು ಕೇಳುತ್ತಿರುವುದೂ ಬೈಕಿನ ಬಗ್ಗೆಯೇ.

ಹಾಗಾಗಿ ಚಾಮುಂಡಿ ಬೆಟ್ಟ ಬಿಟ್ಟುಬಿಡಿ. ಆಷಾಢ ಇರಲಿ ಇಲ್ಲದಿರಲಿ, ಆ ಹೊತ್ತಿಗೆ ಅಲ್ಲಿ ನಡೆಯುವವರು, ಸೈಕಲ್ಲಿನವರು, ಹೂವಿನವರು ಇದ್ದೇ ಇರುತ್ತಾರೆ. ಯಾರದಾದರೂ ತೋಟದೊಳಗಿನ ಏರುದಾರಿ ಹುಡುಕಿ, ಅರ್ಧ ಕಿಲೋಮೀಟರ್ ಸಾಕು. ಚೆನ್ನೈನಲ್ಲಿರುವ ಎಫ್‌ಎಂಎಸ್‌ಸಿಐ ನಮ್ಮ ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟ. ಅದರ ಮಾನ್ಯತೆ ಇರುವ ಕ್ಲಬ್ ಮೂಲಕ ಹೋಗಿ. ಪ್ರತಿ ತಿರುವಿಗೂ ಬಾವುಟ ಹಿಡಿದವನು, ಒಬ್ಬನಿಗೆ ಇನ್ನೊಬ್ಬ ಕಾಣುವಂತೆ. ಕೆಳಗೆ ಆಂಬ್ಯುಲೆನ್ಸ್. ಮೊದಲ ವರ್ಷ ಕಪ್ ಬೇಡ, ಹಳೆ ಗಾಡಿ ಇಟ್ಟುಕೊಂಡವರನ್ನು ಕರೆಯಿರಿ. ಮೈಸೂರಿನಲ್ಲಿ ಜಾವಾ ಕಿಕ್ ಹೊಡೆದರೆ ಇವತ್ತಿಗೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಬಾವುಟ ಹಿಡಿಯಲು ಜನ ಸಾಲದಿದ್ದರೆ ನನಗೊಂದು ಕೊಡಿ, ಬಲಗೈ ಚೆನ್ನಾಗಿದೆ.

ಪ್ರಶ್ನೆ: ನನ್ನ ಯೆಜ್ಡಿ ರೋಡ್‌ಕಿಂಗ್ ಬೆಟ್ಟ ಹತ್ತುವಾಗ ಉಸಿರು ಕಟ್ಟಿದಂತಾಡುತ್ತದೆ. ಎತ್ತರಕ್ಕೆ ತಕ್ಕಂತೆ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಬದಲಿಸಬೇಕಂತೆ, ಹೌದೇ?
– ಒಬ್ಬ ಓದುಗರು, ನಂಜನಗೂಡು

ಉತ್ತರ: ಪೈಕ್ಸ್ ಪೀಕ್‌ಗೆ ಹೋಗುವುದಾದರೆ ಬದಲಿಸಿ. ಅದರ ತುದಿ 4,302 ಮೀಟರ್. ಗಾಳಿ ತೆಳುವಾಗಿ ಎಂಜಿನ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ, ಅಷ್ಟಕ್ಕೆ ಜೆಟ್ ಬದಲಿಸುವವರು ನಿಮ್ಮ ದುಡ್ಡು ಕಳೆಯುತ್ತಾರೆ. ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕೊಳವೆ ಹೊರಗೆಳೆದು ನೋಡಿ, ಮಸಿ ಕಟ್ಟಿ ಅರ್ಧ ಮುಚ್ಚಿರುತ್ತದೆ. ಸುಟ್ಟು, ತಟ್ಟಿ, ಉದುರಿಸಿ ಹಾಕಿ. ಪೆಟ್ರೋಲಿಗೆ ಆಯಿಲ್ ಅಂದಾಜಿನಲ್ಲಿ ಸುರಿಯುವುದನ್ನೂ ನಿಲ್ಲಿಸಿ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ಬೆಟ್ಟ ಹತ್ತುತ್ತದೆಯೇ? ಮನೆಯವರು ನಂಬುತ್ತಿಲ್ಲ.
– ಗೃಹಿಣಿ, ಕುವೆಂಪುನಗರ

ಉತ್ತರ: ಹತ್ತುತ್ತದಮ್ಮ. ಮೋಟಾರಿಗೆ ಗಾಳಿ ಬೇಡ. ಪೈಕ್ಸ್ ಪೀಕ್‌ನಲ್ಲಿ 1916ರಲ್ಲಿ ಗೆದ್ದವನಿಗೆ 20 ನಿಮಿಷ 55 ಸೆಕೆಂಡ್ ಬೇಕಾಗಿತ್ತು. 2018ರಲ್ಲಿ ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ಕಾರು 7 ನಿಮಿಷ 57 ಸೆಕೆಂಡಿಗೆ ಮುಗಿಸಿತು. ಗುಡ್‌ವುಡ್‌ನಲ್ಲಿ ಆ 41.6 ಸೆಕೆಂಡಿಗಿಂತ ಬೇಗ 2022ರಲ್ಲಿ ಹತ್ತಿದ್ದೂ ಎಲೆಕ್ಟ್ರಿಕ್ ಕಾರೇ, 39.08. ಯಜಮಾನರಿಗೆ ಇದನ್ನು ಓದಿ ಹೇಳಿ. ಇಬ್ಬರೂ ಕೂತು ಹೋಗುವುದಾದರೆ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿಡಿ.